ಟೊಮೆಟೊ ಮಂಡಿಯವರೇ, ಪಟ್ಟಿ ಸಾಫ್ಟ್‌ವೇರಿಗೆ ದುಡ್ಡು ಕೊಡೋ ಮುಂಚೆ ಇದನ್ನ ಓದಿ

ಕೋಲಾರದ ಮಂಡಿಗಳಿಗೆ ಕನ್ನಡದಲ್ಲೇ ಪಟ್ಟಿ (ರೈತನಿಗೆ ಕೊಡೋ ಲೆಕ್ಕದ ಚೀಟಿ) ಬರೋ ಸಾಫ್ಟ್‌ವೇರ್ ಮಾಡಿಕೊಡ್ತೀವಿ ಅಂತ ಲ್ಯಾಪ್‌ಟಾಪ್ ಹಿಡ್ಕೊಂಡು ಬರೋರು ಈಗ ಜಾಸ್ತಿ. ಅಂಥ ಒಂದು ಕಂಪನಿ ನಮ್ಮ ಮಂಡಿಗೆ ಕೊಟ್ಟ ಸಾಫ್ಟ್‌ವೇರು ರೈತರ ಲಾಟುಗಳನ್ನೇ ನುಂಗಿಹಾಕಿತು. ಎರರ್ ಇಲ್ಲ, ಕೆಂಪು ಅಕ್ಷರ ಇಲ್ಲ, ಸದ್ದೇ ಇಲ್ಲ. ಕಂಪನಿ ಹೆಸರು ಹಾಕ್ತಿಲ್ಲ. ಹಾಕಿದ್ರೆ ನಾಳೆ ಇನ್ನೊಂದು ಬೋರ್ಡ್ ಬರೆಸ್ತಾರೆ ಅಷ್ಟೆ, ಒಳಗಿನ ಕ್ವೆರಿ, ಅಂದ್ರೆ ಡೇಟಾಬೇಸಿನಿಂದ ಲೆಕ್ಕ ಕೇಳೋ ಆದೇಶ, ಅದೇ ಇರುತ್ತೆ. ಆ ಕ್ವೆರೀನ ಗುರುತು ಹಿಡಿಯೋದು ಹೇಗೆ ಅಂತ ತಿಳ್ಕೊಳ್ಳಿ.

ಮಂಡಿ ಲೆಕ್ಕ ಗೊತ್ತಿರೋರಿಗೆ ಜಾಸ್ತಿ ಹೇಳಬೇಕಿಲ್ಲ. ಒಬ್ಬ ರೈತ ವಾರದಲ್ಲಿ ಮೂರು ಸಲ ಮಾಲು ತರ್ತಾನೆ, ಪ್ರತಿ ಸಲ ದಪ್ಪ, ಮಧ್ಯಮ, ಸಣ್ಣದು ಅಂತ ಲಾಟು ಬೇರೆ ಬೇರೆ. ಡೇಟಾಬೇಸಿನಲ್ಲಿ ಒಂದೊಂದು ಲಾಟೂ ಒಂದೊಂದು ಸಾಲು. ಪಟ್ಟಿಯಲ್ಲಿ ಮಾತ್ರ ಅವೆಲ್ಲ ಆ ರೈತನ ಹೆಸರಿನ ಮುಂದೆ ಒಂದೇ ಕಾಲಮಿನಲ್ಲಿ ಬರಬೇಕು. ಮೈಎಸ್‌ಕ್ಯೂಎಲ್ ಅನ್ನೋ ಡೇಟಾಬೇಸ್ ಸಾಫ್ಟ್‌ವೇರಿನಲ್ಲಿ ಇದಕ್ಕೆ ಗ್ರೂಪ್_ಕಾನ್‌ಕ್ಯಾಟ್ ಅಂತ ಫಂಕ್ಷನ್ ಇದೆ, ಒಳ್ಳೇದೇ. ಆದರೆ ಅದು ಕಟ್ಟೋ ಪಠ್ಯಕ್ಕೆ ಒಂದು ಮಿತಿ ಇದೆ. ಗ್ರೂಪ್_ಕಾನ್‌ಕ್ಯಾಟ್_ಮ್ಯಾಕ್ಸ್_ಲೆನ್ ಅನ್ನೋ ಸೆಟ್ಟಿಂಗು, ಯಾರೂ ಮುಟ್ಟದಿದ್ರೆ 1024 ಬೈಟ್. ಅಕ್ಷರ ಅಲ್ಲ, ಬೈಟ್, ಅಂದ್ರೆ ಕಂಪ್ಯೂಟರಿನಲ್ಲಿ ಜಾಗ ಅಳೆಯೋ ಲೆಕ್ಕ! ಅಕ್ಷರಗಳನ್ನ ಕಂಪ್ಯೂಟರಿನಲ್ಲಿ ಇಡೋ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡಕ್ಕೆ ಹಾಗಲ್ಲ. ವ್ಯಂಜನಕ್ಕೆ 3, ಅದರ ಗುಣಿತದ ಚಿಹ್ನೆಗೆ ಇನ್ನೊಂದು 3, ಒತ್ತಕ್ಷರ ಆದ್ರೆ ನಡುವಿನ ಹಲಂತದ ಗುರುತಿಗೂ 3.

ಲೆಕ್ಕ ಹಾಕಿ ನೋಡಿ. ಪಟ್ಟಿಯಲ್ಲಿ ಒಂದು ಲಾಟು ಹೀಗೆ ಬರ್ತಿತ್ತು: "ಲಾಟು 214, ದಪ್ಪ, 40 ಬಾಕ್ಸ್, ದರ 320". ಇಷ್ಟಕ್ಕೇ 65 ಬೈಟ್. ಮುಂದಿನ ಲಾಟಿಗೆ ಮೊದಲು ಒಂದು ಅರ್ಧವಿರಾಮ (;), ಒಂದು ಜಾಗ, 2 ಬೈಟ್. 15 ಲಾಟಿಗೆ 1003 ಬೈಟ್ ಆಯ್ತು. 16ನೇದರ ನಂಬರು ಬರುತ್ತೆ, ಕಾಮಾ ಬರುತ್ತೆ, ಅಲ್ಲಿಗೆ ಕತ್ತರಿ. 17, 18ನೇ ಲಾಟುಗಳ ಸುಳಿವೇ ಇಲ್ಲ. ಅದೇ ವಿವರಾನ ಇಂಗ್ಲಿಷಲ್ಲಿ ಬರೆದ್ರೆ ಲಾಟಿಗೆ 30 ಬೈಟ್, 32 ಲಾಟು ಆರಾಮಾಗಿ ಹಿಡಿಯುತ್ತೆ. ಡೆಮೊ ತೋರಿಸಿದ್ದು ಇಂಗ್ಲಿಷ್ ಹೆಸರು, ಇಂಗ್ಲಿಷ್ ವಿವರದಲ್ಲಿ, ಅದೂ ರೈತನಿಗೆ ನಾಲ್ಕೈದು ಲಾಟು ಹಾಕಿ. ಅಲ್ಲಿ ಯಾಕೆ ಕತ್ತರಿಸುತ್ತೆ?

ಇನ್ನೊಂದು ಕಾರಣಾನೂ ಇತ್ತು. ಅವರ ಲ್ಯಾಪ್‌ಟಾಪಿನಲ್ಲಿದ್ದದ್ದು ಎಕ್ಸಾಂಪ್, ಅಂದ್ರೆ ಪ್ರೋಗ್ರಾಮು ಬರೆಯೋರು ಪರೀಕ್ಷೆಗೆ ಹಾಕ್ಕೊಳ್ಳೋ ಸಾಫ್ಟ್‌ವೇರ್ ಕಂತೆ. ಅದರ ಜೊತೆ ಬರೋದು ಮರಿಯಾಡಿಬಿ ಅನ್ನೋ ಇನ್ನೊಂದು ಡೇಟಾಬೇಸ್, ಮೈಎಸ್‌ಕ್ಯೂಎಲ್ ಅಲ್ಲ. ಮರಿಯಾಡಿಬಿಯಲ್ಲಿ 10.2.4 ಆವೃತ್ತಿಯಿಂದ ಈಚೆಗೆ ಇದೇ ಮಿತಿ 1 ಎಂಬಿ, ಅಂದ್ರೆ ಸುಮಾರು 10 ಲಕ್ಷ ಬೈಟ್. ಮಂಡಿ ಕಂಪ್ಯೂಟರಿಗೆ ಹಾಕಿಕೊಟ್ಟಿದ್ದು ಮೈಎಸ್‌ಕ್ಯೂಎಲ್, ಅಲ್ಲಿ 1024. "ನಮ್ಮ ಸಿಸ್ಟಮಲ್ಲಿ ಸರಿಯಾಗೇ ಬರ್ತಿದೆ ಸಾರ್" ಅಂತ ದಿನಾ ಹೇಳ್ತಿದ್ದರಲ್ಲ, ಅದು ಇದಕ್ಕೇ. ಎರಡೂ ಒಂದೇ ಅಂತ ಅವರು ತಿಳ್ಕೊಂಡಿದ್ದಾರೆ, ಅಥವಾ ನಾವು ತಿಳ್ಕೊಳ್ಳಲಿ ಅಂತ ಬಿಟ್ಟಿದ್ದಾರೆ.

ಅವರ ಉತ್ತರಗಳನ್ನ ಕೇಳಿ. ಮೊದಲು, "ಎರರ್ ಬಂದಿದೆಯಾ ಸಾರ್? ಬಂದಿಲ್ಲ ಅಂದ್ರೆ ಸಾಫ್ಟ್‌ವೇರಲ್ಲಿ ಏನೂ ಇಲ್ಲ." ಅಲ್ಲಪ್ಪ, ಈ ಫಂಕ್ಷನ್ ಬರೀ ಓದೋ ಕ್ವೆರಿಯಲ್ಲಿ ಎರರ್ ಕೊಡೋದೇ ಇಲ್ಲ. 1260 ನಂಬರಿನ ಒಂದು ವಾರ್ನಿಂಗ್ ಕೊಟ್ಟು ಸುಮ್ಮನಾಗುತ್ತೆ. ಅದೇ ಕನೆಕ್ಷನ್ನಿನಲ್ಲಿ ತಕ್ಷಣ ಶೋ ವಾರ್ನಿಂಗ್ಸ್ ಅಂತ ಕೊಟ್ಟರೆ ಇಂಥ ಸಾಲು ಕತ್ತರಿಸಿದೆ ಅಂತ ಕಾಣುತ್ತೆ. ಅವರ ಪ್ರೋಗ್ರಾಮು ಆ ವಾರ್ನಿಂಗನ್ನ ಓದೋದೇ ಇಲ್ಲ. ಆಮೇಲೆ, "ನಿಮ್ಮ ಪ್ರಿಂಟರ್ ರೋಲ್ ಚಿಕ್ಕದು." ಪಿಡಿಎಫ್‌ನಲ್ಲೂ ಅದೇ ಜಾಗದಲ್ಲಿ ಕತ್ತರಿಸಿದೆ, ಪಿಡಿಎಫ್‌ಗೂ ರೋಲ್ ಚಿಕ್ಕದಾ? ಕೊನೆಗೆ, "ಕನ್ನಡದ ಪ್ರಾಬ್ಲಮ್ ಸಾರ್, ಇಂಗ್ಲಿಷಲ್ಲಿ ಎಂಟ್ರಿ ಮಾಡ್ಸಿ." ಇದಕ್ಕೇ ಮೈ ಉರಿದದ್ದು. ಕನ್ನಡದ ಪಟ್ಟಿ ಅಂತಲೇ ಜಾಸ್ತಿ ದುಡ್ಡು ಇಸ್ಕೊಂಡೋರು ಇವರು! ತಪ್ಪು ಕನ್ನಡದ್ದಲ್ಲ. ಇಂಗ್ಲಿಷಲ್ಲಿ ಹಾಕಿದ್ರೂ 33ನೇ ಲಾಟಿಗೆ ಇದೇ ಗತಿ.

ತುಂಬ ಬೈದ ಮೇಲೆ ಸರಿ ಮಾಡಿದ್ರು. ಹೇಗೆ? ಮಿತಿ ಹೆಚ್ಚಿಸೋಕೆ ಸೆಟ್ ಗ್ಲೋಬಲ್ ಅಂತ ಒಂದು ಸಾಲು ಓಡಿಸಿ ಹೋದ್ರು. ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆಗಿ ಮತ್ತೆ ಆನ್ ಆದಾಗ ಮಿತಿ ವಾಪಸ್ 1024. ಸೆಟ್ ಗ್ಲೋಬಲ್ ಅನ್ನೋದು ಸರ್ವರ್ ರೀಸ್ಟಾರ್ಟ್ ಆಗೋವರೆಗೆ ಮಾತ್ರ. ಅದೂ ಆಮೇಲೆ ಶುರುವಾದ ಕನೆಕ್ಷನ್‌ಗಳಿಗೆ ಮಾತ್ರ ಹತ್ತುತ್ತೆ, ಮೊದಲೇ ತೆರೆದಿರೋದಕ್ಕೆ ಹತ್ತಲ್ಲ. ಉಳೀಬೇಕು ಅಂದ್ರೆ ಮೈ.ಸಿಎನ್‌ಎಫ್ ಫೈಲಿನಲ್ಲಿ, ವಿಂಡೋಸ್ ಆದ್ರೆ ಮೈ.ಐಎನ್‌ಐನಲ್ಲಿ, ಮೈಎಸ್‌ಕ್ಯೂಎಲ್‌ಡಿ ಭಾಗದ ಕೆಳಗೆ ಬರೀಬೇಕು. ಮೈಎಸ್‌ಕ್ಯೂಎಲ್ 8.0 ಅಥವಾ ಅದಕ್ಕಿಂತ ಹೊಸದಿದ್ರೆ ಸೆಟ್ ಪರ್ಸಿಸ್ಟ್ ಸಾಕು. ಬಾಡಿಗೆ ಹೋಸ್ಟಿಂಗಲ್ಲಿ ಇವೆರಡಕ್ಕೂ ಅನುಮತಿ ಸಿಗದಿದ್ರೆ ಪ್ರೋಗ್ರಾಮು ಕನೆಕ್ಟ್ ಆದ ತಕ್ಷಣ ಸೆಟ್ ಸೆಷನ್ ಓಡಿಸಲಿ, 10 ಲಕ್ಷ ಅಂತ ಕೊಟ್ಟರೆ ಧಾರಾಳ. ಒಂದು ಸಾಲಿನ ಕೆಲಸ ಇದು. ಇದಕ್ಕೆ "ಚೇಂಜ್ ರಿಕ್ವೆಸ್ಟ್, ಚಾರ್ಜ್ ಬೇರೆ" ಅಂದ್ರು.

ಇಷ್ಟೇ ಆಗಿದ್ರೆ ಲಾಟಿನ ವಿವರ ಕಾಣೆಯಾಯ್ತು, ಹೋಗಲಿ ಅನ್ನಬಹುದಿತ್ತು. ನಿಜವಾದ ಮೋಸ ಮೊತ್ತದಲ್ಲಿತ್ತು.

ಪಟ್ಟಿಯಲ್ಲಿ ಲಾಟಿನ ಜೊತೆಗೆ ರೈತ ಇಸ್ಕೊಂಡ ಮುಂಗಡಾನೂ ತೋರಿಸಬೇಕು. ಇವರು ರೈತ, ಲಾಟು, ಮುಂಗಡ, ಈ ಮೂರು ಟೇಬಲ್‌ಗಳನ್ನ ಒಂದೇ ಏಟಿಗೆ ಜಾಯಿನ್ ಮಾಡಿ (ಸಾಲಿಗೆ ಸಾಲು ಜೋಡಿಸಿ) ಮೇಲೆ ಗ್ರೂಪ್ ಬೈ (ಒಬ್ಬೊಬ್ಬ ರೈತನಿಗೆ ಒಂದೊಂದು ಗುಂಪು) ಹಾಕಿದ್ದಾರೆ. ಲಾಟು 3, ಮುಂಗಡ 2 ಇದ್ರೆ ಏನಾಗುತ್ತೆ? ಪ್ರತಿ ಲಾಟೂ ಪ್ರತಿ ಮುಂಗಡದ ಜೊತೆ ಸೇರಿ 6 ಸಾಲು. 40 ಬಾಕ್ಸ್ 320ರಂತೆ 12,800, ಇನ್ನೊಂದು 40 ಬಾಕ್ಸ್ ಅದೇ 320ರಂತೆ 12,800, 25 ಬಾಕ್ಸ್ 280ರಂತೆ 7,000. ಸರಿಯಾದ ಮೊತ್ತ 32,600. ಮುಂಗಡ 5,000 ಮತ್ತು 3,000. ಆರು ಸಾಲಿನ ಮೇಲೆ ಕೂಡಿದ್ರೆ ಲಾಟು ಎರಡರಷ್ಟಾಗಿ 65,200, ಮುಂಗಡ ಮೂರರಷ್ಟಾಗಿ 24,000. ಇದು ಎದ್ದು ಕಾಣುತ್ತೆ, ಅವರಿಗೂ ಕಂಡಿದೆ. ಕಂಡಾಗ ಜಾಯಿನ್ ಸರಿ ಮಾಡಬೇಕೋ ಬೇಡವೋ? ಮಾಡಲಿಲ್ಲ. ಎಲ್ಲ ಕಡೆ ಡಿಸ್ಟಿಂಕ್ಟ್ ತುರುಕಿದ್ರು. ಕೂಡೋ ಸಮ್ ಒಳಗೂ ಡಿಸ್ಟಿಂಕ್ಟ್!

ಡಿಸ್ಟಿಂಕ್ಟ್ ಅಂದ್ರೆ ಒಂದೇ ಬೆಲೆ ಎರಡು ಸಲ ಬಂದ್ರೆ ಒಂದೇ ಸಲ ಎಣಿಸು ಅಂತ. ಎರಡು ಲಾಟೂ 12,800 ಆಗಿದ್ದು ಅದಕ್ಕೆ ಗೊತ್ತಾಗಲ್ಲ, ಒಂದನ್ನ ಬಿಸಾಕುತ್ತೆ. ಮೊತ್ತ 19,800. ಮುಂಗಡ 8,000 ಕಳೆದು ರೈತನ ಕೈಗೆ 11,800, ಬರಬೇಕಾದದ್ದು 24,600. ಲಾಟಿನ ವಿವರದಲ್ಲಿ ನಂಬರು ಬೇರೆ ಬೇರೆ ಇರೋದ್ರಿಂದ ಅಲ್ಲಿ ಮೂರೂ ಲಾಟು ಚೊಕ್ಕವಾಗಿ ಅಚ್ಚಾಗಿರುತ್ತೆ. ಪಟ್ಟಿಯ ಮೇಲೆ ಮೂರು ಲಾಟು, ಕೆಳಗೆ ಎರಡು ಲಾಟಿನ ದುಡ್ಡು.

ಅದನ್ನ ಕಂಡುಹಿಡಿದದ್ದು ರೈತನೇ. ಹರಾಜು ಮುಗಿದು ಜನ ತುಂಬಿರೋ ಹೊತ್ತಲ್ಲಿ ಪಟ್ಟೀನ ಮೇಜಿನ ಮೇಲಿಟ್ಟು, "ಏನ್ ಸ್ವಾಮಿ, ಒಂದು ಲಾಟು ಮಂಡಿಗೆ ಉಚಿತವಾ?" ಅಂದ. ಲೆಕ್ಕ ಬರೆಯೋ ರೈಟರ್ ಕ್ಯಾಲ್ಕುಲೇಟರ್ ತೆಗೆದು ಕೂಡ್ತಾನೆ, ಕೂಡಿದಷ್ಟೂ ರೈತನೇ ಸರಿ. ಸುತ್ತ ನಿಂತೋರೆಲ್ಲ ತಂತಮ್ಮ ಜೇಬಿನಿಂದ ಹಳೇ ಪಟ್ಟಿ ತೆಗೆದ್ರು. ಇಂಥ ಹೊತ್ತಲ್ಲಿ ಡಿಸ್ಟಿಂಕ್ಟ್ ಅಂತ ಯಾರಿಗೆ ಹೇಳೋದು? ಮಂಡಿ ಕಳ್ಳ ಅಂತಲೇ ಜನ ನೋಡೋದು. ಕಂಪನಿಗೆ ಫೋನ್ ಮಾಡಿದ್ರೆ, "ಡಬಲ್ ಬರ್ತಿತ್ತಲ್ಲ ಸಾರ್, ಅದಕ್ಕೇ ಹಾಕಿರೋದು. ಒಂದೇ ಮೊತ್ತದ ಲಾಟು ಎರಡು ಬರುತ್ತೆ ಅಂತ ನೀವು ಹೇಳಲಿಲ್ಲ." ಟೊಮೆಟೊ ಮಂಡಿಯಲ್ಲಿ ಒಂದೇ ಬಾಕ್ಸು, ಒಂದೇ ದರದ ಲಾಟು ಎರಡು ಬರುತ್ತೆ ಅಂತ ಹೇಳಬೇಕಂತೆ! ಉಲ್ಟಾನೂ ಆಗಿದೆ. ಒಬ್ಬರಿಗೆ 5,000 ಎರಡು ಸಲ ಮುಂಗಡ ಕೊಟ್ಟದ್ದು ಒಂದೇ ಸಲ ಕಳೆದಿದೆ, ಆ ದುಡ್ಡು ಮಂಡಿಗೆ ನಾಮ.

ಸರಿಯಾದ ದಾರಿ ಕಷ್ಟದ್ದೇನಲ್ಲ. ಲಾಟಿನ ಟೇಬಲನ್ನ ಮೊದಲು ಒಂಟಿಯಾಗಿ ರೈತನ ನಂಬರಿನ ಮೇಲೆ ಗ್ರೂಪ್ ಮಾಡಿ, ಅಲ್ಲೇ ಪಠ್ಯ ಕಟ್ಟಿ, ಅಲ್ಲೇ ಮೊತ್ತ ಕೂಡಿ. ಮುಂಗಡದ್ದನ್ನ ಇನ್ನೊಂದು ಸಬ್‌ಕ್ವೆರಿಯಲ್ಲಿ (ಕ್ವೆರಿಯೊಳಗಿನ ಕ್ವೆರಿ) ಹಾಗೇ ಮಾಡಿ. ಈಗ ಎರಡರಲ್ಲೂ ರೈತನಿಗೆ ಒಂದೊಂದೇ ಸಾಲು. ಇವನ್ನ ರೈತರ ಟೇಬಲಿಗೆ ಲೆಫ್ಟ್ ಜಾಯಿನ್ ಮಾಡಿ. ಬರೀ ಜಾಯಿನ್ ಹಾಕಿದ್ರೆ ಮುಂಗಡ ತಗೊಳ್ಳದ ರೈತ ಪಟ್ಟಿಯಿಂದಲೇ ಮಾಯ. ಮುಂಗಡ ಇಲ್ಲದ ಕಡೆ ನಲ್, ಅಂದ್ರೆ ಖಾಲಿ, ಬರುತ್ತೆ, ಕಳೆಯೋ ಮುಂಚೆ ಅದನ್ನ ಸೊನ್ನೆ ಮಾಡ್ಕೊಳ್ಳಿ. ಡಿಸ್ಟಿಂಕ್ಟ್ ಎಲ್ಲೂ ಬೇಕಾಗಲ್ಲ. ಬೇರೆ ಡೇಟಾಬೇಸ್‌ಗಳಲ್ಲಿ ಇದೇ ಕೆಲಸ ಮಾಡೋ ಪೋಸ್ಟ್‌ಗ್ರೆಸ್‌ನ ಸ್ಟ್ರಿಂಗ್_ಆಗ್ ಆಗಲಿ, ಒರಾಕಲ್‌ನ ಲಿಸ್ಟ್‌ಆಗ್ ಆಗಲಿ, ಜಾಯಿನ್ ತಪ್ಪಿದ್ರೆ ಇದೇ ಹಣೆಬರಹ. ಒರಾಕಲ್ ಆದ್ರೂ ಮಾಮೂಲಿ ಸೆಟ್ಟಿಂಗಿನಲ್ಲಿ 4000 ಬೈಟ್ ಮೀರಿದ್ರೆ 01489 ಅಂತ ಎರರ್ ಕೊಟ್ಟು ನಿಲ್ಲುತ್ತೆ, ಕದ್ದುಮುಚ್ಚಿ ಕತ್ತರಿಸಲ್ಲ.

ಇನ್ನೂ ಇದೆ. ಹರಾಜಾಗದ ಲಾಟಿಗೆ ದರ ಖಾಲಿ, ಅಂದ್ರೆ ನಲ್. ಒಂದು ಲಾಟಿನ ವಿವರ ಜೋಡಿಸೋ ಕಾನ್‌ಕ್ಯಾಟ್ ಒಳಗೆ ಒಂದು ನಲ್ ಇದ್ರೂ ಆ ಪೂರ್ತಿ ಲಾಟಿನ ಪಠ್ಯ ನಲ್, ಗ್ರೂಪ್_ಕಾನ್‌ಕ್ಯಾಟ್ ನಲ್ ಇರೋದನ್ನ ಹಾರಿಸಿಬಿಡುತ್ತೆ. ದರಕ್ಕೆ ಇಫ್‌ನಲ್ ಹಾಕಿ "ಬಾಕಿ" ಅಂತ ತೋರಿಸಬೇಕು. ಲಾಟಿನ ಕ್ರಮಕ್ಕೆ ಆರ್ಡರ್ ಬೈ ಗ್ರೂಪ್_ಕಾನ್‌ಕ್ಯಾಟ್‌ನ ಒಳಗೇ ಇರಬೇಕು, ಲಾಟ್ ನಂಬರು ಪಠ್ಯದ ಕಾಲಮ್ ಆಗಿದ್ರೆ 10 ಬಂದು ಆಮೇಲೆ 9 ಬರುತ್ತೆ. ಗ್ರೂಪ್ ಬೈ ರೈತನ ಹೆಸರಿನ ಮೇಲೆ ಮಾಡಿದ್ರಂತೂ ಕಥೆ ಮುಗೀತು. ನಮ್ಮ ಕಡೆ ಒಂದೇ ಊರಲ್ಲಿ ಇಬ್ಬರು ಮುನಿಯಪ್ಪ ಇರ್ತಾರೆ, ಇಬ್ಬರ ಮಾಲೂ ಒಂದೇ ಪಟ್ಟಿಗೆ.

ದುಡ್ಡು ಕೊಡೋ ಮುಂಚೆ ನಿಮ್ಮ ಕಂಪ್ಯೂಟರಿನಲ್ಲೇ ಕೂರಿಸಿ ಪರೀಕ್ಷೆ ಮಾಡ್ಸಿ. ಒಬ್ಬ ರೈತನಿಗೆ ಕನ್ನಡದಲ್ಲಿ 40 ಲಾಟು ಹಾಕ್ಸಿ, ಅದರಲ್ಲಿ ಎರಡಕ್ಕೆ ಒಂದೇ ಮೊತ್ತ, ಒಂದಕ್ಕೆ ದರ ಖಾಲಿ. ಒಂದೇ ಮೊತ್ತದ ಎರಡು ಮುಂಗಡ. ಮುಂಗಡವೇ ಇಲ್ಲದ ಇನ್ನೊಬ್ಬ ರೈತ, ಹೆಸರು ಮಾತ್ರ ಮೊದಲನೆಯವನದ್ದೇ. ಪಟ್ಟಿಯ ಕೆಳಗೆ ಲಾಟುಗಳ ಎಣಿಕೆ ಬೇರೆಯಾಗಿ ಅಚ್ಚಾಗಲಿ, ಎಣಿಕೆ 40 ಅಂತಿದ್ದು ಮೇಲೆ 15 ಕಂಡ್ರೆ ಯಾರಿಗಾದ್ರೂ ಗೊತ್ತಾಗುತ್ತೆ. ಇದನ್ನೆಲ್ಲ ಬರವಣಿಗೆಯಲ್ಲಿ ಒಪ್ಪದವನಿಗೆ ಅಡ್ವಾನ್ಸ್ ಕೊಡಬೇಡಿ. ಕ್ವೆರಿ ತೋರಿಸು ಅಂದ್ರೆ "ಅದು ಸೀಕ್ರೆಟ್ ಸಾರ್" ಅನ್ನೋನಿಗಂತೂ ಕೊಡಲೇಬೇಡಿ.

ನಮಗೆ ಬರಬೇಕಾದ ದುಡ್ಡು ಬಂದಿಲ್ಲ. ಕಂಪನಿಯ ಕೊನೇ ಮೆಸೇಜು: "ಎಎಂಸಿ (ವರ್ಷದ ನಿರ್ವಹಣೆ ಒಪ್ಪಂದ) ರಿನ್ಯೂ ಮಾಡಿದ್ರೆ ಈ ಇಶ್ಯೂ ಪ್ರಯಾರಿಟಿಯಲ್ಲಿ ನೋಡ್ತೀವಿ ಸಾರ್."