ಕರಹಯಿತ್‌ನ ಕೆಂಪು ಬಿಸಿನೀರು: ದಾವಣಗೆರೆಯಿಂದ ಹೊರಡುವವರಿಗೆ

ತುರ್ಕಿಯ ಬಿಳಿ ಸುಣ್ಣದ ಬಿಸಿನೀರ ಬೆಟ್ಟ ‘ಪಮುಕ್ಕಲೆ’, ಎಂದರೆ ಹತ್ತಿ ಕೋಟೆ. ಹತ್ತಿ ಮಿಲ್ಲುಗಳ ದಾವಣಗೆರೆಗೂ ಕೋಟೆಯ ದುರ್ಗಕ್ಕೂ ಒಟ್ಟಿಗೇ ಒಪ್ಪುವ ಹೆಸರು! ಫೋಟೊಗೆ ಪಮುಕ್ಕಲೆ ಸರಿ. ಮೈ ನೆನೆಸಲು 5 ಕಿ.ಮೀ. ಉತ್ತರದ ಕರಹಯಿತ್ ಊರೇ ಮೇಲು.

ಬೋರ್‌ವೆಲ್ ನೀರು ಕಾಯಿಸಿದ ಗೀಸರ್ ಬಿಚ್ಚಿದರೆ ಕಾಯಿಲ್‌ಗೆ ಬಿಳಿ ಪೊರೆ ಕಟ್ಟಿರುತ್ತದಲ್ಲ, ಪಮುಕ್ಕಲೆಯ ಬೆಟ್ಟವೂ ಅದೇ ಸರಕು. ಸುಮಾರು 35 ಡಿಗ್ರಿಯ ನೀರು ಮೇಲೆ ಬಂದೊಡನೆ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಣ್ಣ ಕೂರುತ್ತದೆ. ಕರಹಯಿತ್‌ನಲ್ಲಿ ಕಬ್ಬಿಣವೂ ಸೇರುವುದರಿಂದ ಕೆಂಪು. ಶಾಖ 50 ಡಿಗ್ರಿ ದಾಟುತ್ತದೆ. ಊಟೆಯ ಬಾಯಲ್ಲಿ ಕಾಲಿಟ್ಟರೆ ಸುಟ್ಟೀತು, ಆರಿಸಿ ತುಂಬಿದ ತೊಟ್ಟಿಗೇ ಇಳಿಯಿರಿ. ಮೊದಲು ಪಾದ, ಆಮೇಲೆ ಸೊಂಟ. 15 ನಿಮಿಷಕ್ಕೆ ಎದ್ದು ನೀರು ಕುಡಿಯಿರಿ. ತಲೆ ಸುತ್ತುವುದು ಹೆಚ್ಚಾಗಿ ಥಟ್ಟನೆ ಎದ್ದಾಗ. ಬಿ.ಪಿ., ಹೃದಯದ ತೊಂದರೆ ಇರುವವರು, ಬಸುರಿಯರು ಡಾಕ್ಟರನ್ನು ಕೇಳದೆ ಇಳಿಯಬೇಡಿ. ಬಿಳಿ ಟವೆಲ್ ಬೇಡ, ಕಬ್ಬಿಣದ ಕಲೆ ಹಟಮಾರಿ.

ಪಮುಕ್ಕಲೆ ಬೆಟ್ಟದ ಮೇಲಿನ ಹಿಯರಾಪೊಲಿಸ್ ಕ್ರಿ.ಪೂ. 2ನೇ ಶತಮಾನದ ಸ್ನಾನದೂರು. 1988ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಹಿಂದೆ ಅಲ್ಲೇ ಹೋಟೆಲ್ ಕಟ್ಟಿ, ನೀರೆಳೆದು, ಸುಣ್ಣದ ಬಿಳುಪು ಕೆಡಿಸಿದ್ದರು. ಅವನ್ನು ಕೆಡವಿದ್ದಾರೆ. ಈಗ ನೀರನ್ನು ಸರದಿಯಲ್ಲಿ ಬಿಡುವುದರಿಂದ ಎಷ್ಟೋ ಮಡುಗಳು ಒಣಗಿರುತ್ತವೆ. ಪೋಸ್ಟರ್ ನಂಬಿ ಹೋದವರಿಗೆ ನಿರಾಸೆ ಖಂಡಿತ. ಸುಣ್ಣದ ಮೇಲೆ ಬರಿಗಾಲೇ ಗತಿ, ಚಪ್ಪಲಿಗೊಂದು ಚೀಲವಿರಲಿ.

ಹತ್ತಿರದ ನಗರ ಡೆನಿಜ್ಲಿಯ ಬಸ್ ನಿಲ್ದಾಣದಿಂದ ಮಿನಿಬಸ್ ಸಿಗುತ್ತದೆ. ಸಸ್ಯಾಹಾರಿಗಳಿಗೆ ಆಲೂ ಅಥವಾ ಪಾಲಕ್ ತುಂಬಿದ ಗೊಜ್ಲೆಮೆ ರೊಟ್ಟಿ ಸಾಕು. ಬೇಳೆ ಸೂಪಿಗೆ ಮಾಂಸದ ಕಟ್ಟು ಹಾಕುವುದುಂಟು, ‘ಎತ್ಸಿಜ್’ (ಮಾಂಸವಿಲ್ಲದ್ದು) ಎಂದು ಕೇಳಿಯೇ ತಗೊಳ್ಳಿ.