ಮಿಶಿಗನ್‌ನಲ್ಲಿ ಜಿಂಕೆ ಬೇಟೆಗೆ ಹೊರಟವರೇ, ಒಣಗಿದ ಆಶ್ ಮರ ಹತ್ತಬೇಡಿ

ಕಳೆದ ಅಕ್ಟೋಬರ್ ಕೊನೆಯಲ್ಲಿ ನಾನು ಮರದಿಂದ ಬಿದ್ದೆ. ಎಡಗಾಲಿನ ಹಿಮ್ಮಡಿ ಮೂಳೆ ಒಡೆಯಿತು, ಬೆನ್ನುಮೂಳೆಯ ಒಂದು ಮಣಿ ಜಜ್ಜಿಹೋಯಿತು. ಮೂರು ತಿಂಗಳು ಬೆನ್ನಿಗೆ ಪಟ್ಟಿ ಬಿಗಿದುಕೊಂಡೇ ಕಳೆದೆ. ಇದನ್ನೆಲ್ಲ ಹೇಳಿಕೊಳ್ಳುವ ಮನಸ್ಸಿರಲಿಲ್ಲ. ಆದರೆ ಹೊಸದಾಗಿ ಬಿಲ್ಲು ಕೊಂಡ ಇಬ್ಬರು ಕನ್ನಡದ ಹುಡುಗರು ಮೊನ್ನೆ, "ಅಣ್ಣಾ, ಟ್ರೀ ಸ್ಟ್ಯಾಂಡ್ ಎಷ್ಟು ಎತ್ತರಕ್ಕೆ ಕಟ್ಟಬೇಕು?" ಅಂದರು (ಟ್ರೀ ಸ್ಟ್ಯಾಂಡ್ ಎಂದರೆ ಬೇಟೆಗೆ ಕೂರಲು ಮರಕ್ಕೆ ಕಟ್ಟುವ ಪುಟ್ಟ ಆಸನ). ನಾನೂ ಎರಡು ವರ್ಷದ ಹಿಂದೆ ಮೊದಲು ಕೇಳಿದ್ದು ಇದನ್ನೇ. ಯಾವ ಮರ ಎಂದು ಕೇಳಿರಲಿಲ್ಲ.

ನಾನು ತೀರ್ಥಹಳ್ಳಿ ಕಡೆಯವನು. ಗದ್ದೆಗೆ ಹಂದಿ ಬೀಳುವ ಕಾಲಕ್ಕೆ ಅಜ್ಜ ಮಾಳ (ಕಾವಲಿನ ಅಟ್ಟಣಿಗೆ) ಕಟ್ಟಿ, ರಾತ್ರಿಯಿಡೀ ಡಬ್ಬ ಬಡಿಯುತ್ತಾ ಕೂರುತ್ತಿದ್ದರು. ನಾವೂ ಮಂಗಗಳ ಹಾಗೆ ಹತ್ತಿ ಇಳಿದು ಬೆಳೆದವರು. ಆ ಸೊಕ್ಕು ಇಲ್ಲಿಗೂ ಬಂದಿತ್ತು. ಮಾಳದಲ್ಲಿ ಕೂರುವುದು ಪ್ರಾಣಿಯನ್ನು ಹೆದರಿಸಿ ಓಡಿಸಲು, ಇಲ್ಲಿ ಕೂರುವುದು ಅದರ ಕಣ್ಣು ಮೂಗಿಗೆ ಸಿಗದಿರಲು. ಈ ವ್ಯತ್ಯಾಸ ನನ್ನ ತಲೆಗೆ ಹೊಳೆಯಲೇ ಇಲ್ಲ. (ಊರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ಇಲ್ಲಿ ಲೈಸೆನ್ಸ್ ಪಡೆದು ಅಕ್ಟೋಬರ್ 1ರಿಂದ ಬಿಲ್ಲು ಹಿಡಿದು ಕೂರಬಹುದು. ಅಮ್ಮನಿಗೆ ಇದನ್ನು ಇನ್ನೂ ಪೂರ್ತಿ ಹೇಳಿಲ್ಲ.)

ಎತ್ತರ ಹೋದಷ್ಟೂ ಜಿಂಕೆಗೆ ವಾಸನೆ ಸಿಗುವುದಿಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ 28 ಅಡಿಗೆ ಸ್ಟ್ಯಾಂಡ್ ಕಟ್ಟಿದೆ. ಜಾಗ ಪರಿಚಯದ ರೈತರೊಬ್ಬರದು. ತೊರೆಯ ಮೇಲಿನ ಇಳಿಜಾರು, ನೆಟ್ಟಗೆ ಬೆಳೆದ, ಕೊಂಬೆಗಳ ಕಾಟವಿಲ್ಲದ ಮರ. ಕೊಂಬೆ ಏಕಿರಲಿಲ್ಲ ಎಂದು ಕೇಳಿಕೊಂಡಿದ್ದರೆ ಸಾಕಿತ್ತು. ಅದು ಸತ್ತ ಆಶ್ ಮರ. ಎಮರಾಲ್ಡ್ ಆಶ್ ಬೋರರ್ ಎಂಬ ಹಸಿರು ಜೀರುಂಡೆ 2002ರಲ್ಲಿ ಡೆಟ್ರಾಯಿಟ್ ಹತ್ತಿರ ಪತ್ತೆಯಾಯಿತು. ಅದರ ಹುಳು ತೊಗಟೆಯ ಕೆಳಗೆ ಕೊರೆದು ಕೊರೆದು ಮರದ ನೀರು, ಆಹಾರದ ದಾರಿಯನ್ನೇ ಕಡಿದುಹಾಕುತ್ತದೆ. ಹಾಗೆ ಸತ್ತ ಆಶ್ ಬೇಗ ಪೆಡಸಾಗುತ್ತದೆ, ತೊಗಟೆ ಒಳಗಿನಿಂದಲೇ ಬಿಟ್ಟುಕೊಂಡು ಹಪ್ಪಳದ ಹಾಗೆ ಏಳುತ್ತದೆ. ನಾನು ಮರ ಹತ್ತಲು ಮೆಟ್ಟಿಲಾಗುವ ಕ್ಲೈಂಬಿಂಗ್ ಸ್ಟಿಕ್‌ಗಳ ಪಟ್ಟಿಯನ್ನು ಬಿಗಿದಿದ್ದು ಆ ಹಪ್ಪಳದ ಮೇಲೆ.

ಬೀಳುವುದಕ್ಕೂ ಮೊದಲೇ ಆ ಎತ್ತರ ನನಗೆ ಕೈಕೊಟ್ಟಿತ್ತು. ಸಂಜೆ ತಂಪಾದಂತೆ ಗಾಳಿ ಇಳಿಜಾರಿನಲ್ಲಿ ಜಾರಿ ತಗ್ಗಿಗೆ ಸೇರುತ್ತದೆ. ನನ್ನ ಬೆವರಿನ ವಾಸನೆಯೂ ಅದರ ಜೊತೆ ತೊರೆಗಿಳಿದು, ನೀರಿಗೆ ಬಂದ ಹೆಣ್ಣು ಜಿಂಕೆಗಳು ಮೂಗೆತ್ತಿ, ನೆಲಕ್ಕೆ ಗೊರಸು ಬಡಿದು ಹಿಂದಿರುಗಿದವು. ಮೇಲಿನ ದಿಬ್ಬದಿಂದ ಬಂದವು ಹೆಚ್ಚುಕಡಿಮೆ ನನ್ನ ಕಣ್ಣಿನ ಮಟ್ಟದಲ್ಲೇ ನಡೆದವು. ಬುಡದಿಂದ ಅಳೆದ 28 ಅಡಿಗೆ ಇಳಿಜಾರಿನಲ್ಲಿ ಅರ್ಥವೇ ಇಲ್ಲ. ಹಿಂದೆ ಎಲೆಯೂ ಇಲ್ಲ, ಕೊಂಬೆಯೂ ಇಲ್ಲ. ಆಕಾಶಕ್ಕೆ ಅಂಟಿಸಿದ ಕಪ್ಪು ಮೂಟೆಯಾಗಿ ಕೂತಿದ್ದೆ.

ಒಮ್ಮೆ ಒಂದು ಗಂಡು ಬುಡದಿಂದ ಹತ್ತು ಗಜಕ್ಕೆ ಬಂತು. ಅಷ್ಟು ಎತ್ತರದಿಂದ ಅಷ್ಟು ಹತ್ತಿರಕ್ಕೆ ಬಾಣ ಸುಮಾರು 45 ಡಿಗ್ರಿಯಲ್ಲಿ ಇಳಿಯುತ್ತದೆ. ಎರಡೂ ಶ್ವಾಸಕೋಶ ಸೀಳಬೇಕಾದದ್ದು ಬಹುಶಃ ಒಂದನ್ನಷ್ಟೇ ಸೀಳಿ ಹೊರಬಂತು. ರಕ್ತದ ಜಾಡು ಹಿಡಿದು ಮರುದಿನ ಮಧ್ಯಾಹ್ನದವರೆಗೆ ಹುಡುಕಿದೆವು, ಸಿಗಲಿಲ್ಲ. ಕಾಲು ಮುರಿದದ್ದಕ್ಕಿಂತ ಇದೇ ನನ್ನನ್ನು ಹೆಚ್ಚು ಕೊರೆಯುತ್ತದೆ. 18 ಅಡಿಯಲ್ಲಿ ಕೂತು 20 ಗಜ ದೂರಕ್ಕೆ ಹೊಡೆದಿದ್ದರೆ ಕೋನ 20 ಡಿಗ್ರಿಯೂ ಆಗುತ್ತಿರಲಿಲ್ಲ.

ಅಲ್ಲಿಗೂ ಬುದ್ಧಿ ಬರಲಿಲ್ಲ, ಅದೇ ಮರಕ್ಕೆ ಮತ್ತೆ ಹೋದೆ. ಸೂರ್ಯ ಮುಳುಗಿ ಅರ್ಧ ಗಂಟೆಗೆ ಬೇಟೆಯ ಸಮಯ ಮುಗಿಯುತ್ತದೆ, ಇಳಿಯುವಾಗ ಕತ್ತಲೆ. ಬಿಲ್ಲು, ಚೀಲ ಎರಡನ್ನೂ ಹಗ್ಗದಲ್ಲಿ ಇಳಿಬಿಟ್ಟೆ. ಬಿದ್ದರೆ ತಡೆಯುವ ಪಟ್ಟಿಗಳ ಕವಚ, ಹಾರ್ನೆಸ್, ಮೈಮೇಲಿತ್ತು. ಆದರೆ ಅದನ್ನು ಮರಕ್ಕೆ ಸಿಕ್ಕಿಸುತ್ತಿದ್ದದ್ದು ಮೇಲೆ ಕೂತಾಗ ಮಾತ್ರ. ಇಳಿಯಲು ಬಿಚ್ಚಿದೆ. ಹನ್ನೆರಡು ಅಡಿ ಉಳಿದಿದ್ದಾಗ ಕಾಲಿಟ್ಟ ಸ್ಟಿಕ್ ತೊಗಟೆಯ ಸಮೇತ ಜಾರಿತು.

ಫೋನ್ ಇದ್ದದ್ದು ಚೀಲದಲ್ಲಿ, ಚೀಲ ಇದ್ದದ್ದು ಮರದ ಆಚೆ ಬದಿ. ಎಂಟು ಹೆಜ್ಜೆಯೂ ಇಲ್ಲದ ಆ ದೂರವನ್ನು ತೆವಳಿ ದಾಟಲು ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಹೆಂಡತಿಗೆ 'ಕಾಡಿಗೆ ಹೋಗ್ತೀನಿ' ಅಂದಿದ್ದೆ ಅಷ್ಟೇ. ರೈತರು ಟ್ರ್ಯಾಕ್ಟರ್‌ನಲ್ಲಿ ಬಂದು, ಮೊದಲು ನನ್ನನ್ನಲ್ಲ, ಮರವನ್ನು ನೋಡಿ ತಲೆ ಅಲ್ಲಾಡಿಸಿದರು.

ಈಗ ಹೀಗೆ ಮಾಡುತ್ತೇನೆ. ಲೈಫ್‌ಲೈನ್ ಹಗ್ಗವನ್ನು ಸ್ಟ್ಯಾಂಡಿನ ಮೇಲಿಂದ ಬುಡದವರೆಗೆ ಬಿಟ್ಟು, ಅದರ ಮೇಲೆ ಕೈಯಿಂದ ಜಾರಿಸಬಹುದಾದ, ಭಾರ ಬಿದ್ದರೆ ಹಿಡಿದುಕೊಳ್ಳುವ ಪ್ರುಸಿಕ್ ಗಂಟಿಗೆ ಹಾರ್ನೆಸ್ ಸಿಕ್ಕಿಸಿಕೊಂಡೇ ನೆಲದಿಂದ ಕಾಲೆತ್ತುತ್ತೇನೆ. ಹೆಚ್ಚಿನವರು ಬೀಳುವುದು ಹತ್ತುವಾಗ, ಇಳಿಯುವಾಗ, ಸ್ಟ್ಯಾಂಡಿಗೆ ಕಾಲು ದಾಟಿಸುವಾಗ. ಸುಮ್ಮನೆ ಕೂತಾಗ ಬೀಳುವವರು ಕಡಿಮೆ. ಹಾರ್ನೆಸ್‌ನಲ್ಲಿ ನೇತಾಡುತ್ತಾ ಉಳಿದರೂ ತೊಡೆಯ ಪಟ್ಟಿ ರಕ್ತ ತಡೆಯುತ್ತದೆ. ಅದಕ್ಕೆ ಕಾಲೂರಿ ನಿಲ್ಲಲು ಒಂದು ಕುಣಿಕೆ ಕೈಗೆಟಕುವಂತೆ ಇಟ್ಟುಕೊಳ್ಳಿ. ಹಿಂದಿನ ವರ್ಷ ಮರದಲ್ಲೇ ಬಿಟ್ಟ ರ್‍ಯಾಚೆಟ್ ಪಟ್ಟಿಯನ್ನು ನಂಬಬೇಡಿ. ಬಿಸಿಲಿಗೆ ನೂಲು ಸಾಯುತ್ತದೆ, ಅಳಿಲು ಕಡಿಯುತ್ತದೆ, ಮರ ದಪ್ಪಗಾಗಿ ಒಳಗಿಂದ ಹಿಗ್ಗಿಸುತ್ತದೆ. ಫೋನ್ ಎದೆಯ ಜೇಬಿನಲ್ಲಿರಲಿ.

ಈ ಬಾರಿಯ ಮರ ಜೀವಂತ ಓಕ್, ಬುಡದಲ್ಲೇ ಎರಡಾಗಿ ಕವಲೊಡೆದದ್ದು. 16 ಅಡಿಗೆ ಕಟ್ಟಿದ್ದೇನೆ, ಬೆನ್ನ ಹಿಂದೆ ಇನ್ನೊಂದು ಕವಲಿನ ಮರೆ ಇದೆ, ಜಿಂಕೆ ದಾರಿಯಿಂದ ಗಾಳಿ ನನ್ನ ಕಡೆಗೆ ಬೀಸುವ ದಿನ ಮಾತ್ರ ಹತ್ತುತ್ತೇನೆ. ಮರದ ಫೋಟೊ, ನಕ್ಷೆಯ ಗುರುತು ಎರಡೂ ಹೆಂಡತಿಯ ಫೋನಿನಲ್ಲಿವೆ. ಹಳೆಯ ಸ್ಟ್ಯಾಂಡ್ ಮಾತ್ರ ಆ ಆಶ್ ಮರದಲ್ಲೇ ಇದೆ. ಅದನ್ನು ಇಳಿಸಲು ಹತ್ತುವ ಧೈರ್ಯ ನನಗೂ ಇಲ್ಲ, ಆ ರೈತರಿಗೂ ಇಲ್ಲ.