ರಗಸದಅ, ಅಆಇಈ ಮತ್ತು ಅಮ್ಮ

ಒಂದು ಕೊಠಡಿ, ಒಂದರಿಂದ ಮೂರನೆಯ ತರಗತಿಯವರೆಗಿನ 24 ಮಕ್ಕಳು, ನಾನೊಬ್ಬಳೇ ಶಿಕ್ಷಕಿ. ಓದು ಕಲಿಸುವ ಬೇರೆ ಬೇರೆ ದಾರಿಗಳನ್ನು ನಾನು ಪ್ರಯೋಗಿಸಿ ನೋಡಿದ್ದು ಇಂಥ ಕೊಠಡಿಗಳಲ್ಲಿಯೇ. ಹಾಗಾಗಿ ನನ್ನ ಅಳತೆಗೋಲು ಒಂದೇ: ನಾನು ಮೂರನೆಯ ತರಗತಿಯವರ ಕಡೆ ತಿರುಗಿದಾಗ ಒಂದನೆಯ ತರಗತಿಯ ಮಗು ಏನು ಮಾಡುತ್ತಿರುತ್ತದೆ?

ಸೇವೆಗೆ ಸೇರಿದ ಹೊಸತರಲ್ಲಿ ನಾನು ಕಲಿತ ಹಾಗೆಯೇ ಕಲಿಸಿದೆ. ಅ ಅರಸ, ಆ ಆನೆ. ಮುಂದೊಬ್ಬ ಹುಡುಗ ಕೋಲು ಹಿಡಿದು ಹೇಳಿಕೊಟ್ಟರೆ ಸಾಕು, ತರಗತಿ ತಾನಾಗಿ ನಡೆಯುತ್ತಿತ್ತು. ದಸರಾ ರಜೆಯ ಹೊತ್ತಿಗೆ 49 ಅಕ್ಷರಗಳೂ ಬಾಯಿಪಾಠ. ಆದರೆ ಹಲಗೆಯ ಮೇಲೆ ಬಿಡಿಯಾಗಿ ‘ಮ’ ಬರೆದು ಇದೇನು ಎಂದರೆ, ಮಗು ಪ, ಫ, ಬ, ಭ ಎಂದು ಒಳಗೊಳಗೇ ಎಣಿಸಿಕೊಂಡು ಬಂದು ‘ಮ’ ಎನ್ನುತ್ತಿತ್ತು. ಹಾಡು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಸಾಮೂಹಿಕ ಗದ್ದಲದಲ್ಲಿ ಬರೀ ತುಟಿ ಆಡಿಸುವವರು ಯಾರೆಂದು ನನಗೆ ತಿಳಿಯುತ್ತಲೂ ಇರಲಿಲ್ಲ. ಒಂದು ಪದವನ್ನಾದರೂ ಓದುವ ಮೊದಲೇ ಮಗು ‘ಙ’ ಬರೆಯಬೇಕು. ಅದನ್ನು ಬಳಸುವ ಪ್ರಸಂಗ ನನಗೇ ಅಪರೂಪ!

ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿ ಪದ್ಧತಿ ಬಂದಾಗ ನಾನು ಗೊಣಗಿದವಳೇ. ಆಂಧ್ರದ ರಿಷಿ ವ್ಯಾಲಿ ಶಾಲೆಯ ಕ್ರಮವನ್ನು ನೋಡಿಬಂದ ಶಿಕ್ಷಕರು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭಿಸಿದ್ದು ಇದು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಇಲ್ಲಿ ವರ್ಣಮಾಲೆಯ ಸಾಲು ಇಲ್ಲ. ಮೊದಲ ಕಂತು ರ, ಗ, ಸ, ದ, ಅ. ಎರಡನೆಯದು ಜ, ವ, ಮ, ಬ, ನ. “ಮೇಡಂ, ಮೊಮ್ಮಗನಿಗೆ ಅಆಇಈ ಕೂಡ ಬರುವುದಿಲ್ಲವಲ್ಲ” ಎಂದು ಒಬ್ಬ ಅಜ್ಜ ಶಾಲೆಯ ಬಾಗಿಲಿಗೇ ಬಂದು ದಬಾಯಿಸಿದರು. ಆ ಮೊಮ್ಮಗ ಆಗಲೇ ‘ಗರಗಸ’ ಎಂದು ಓದುತ್ತಿದ್ದ. ಮೂರೇ ಅಕ್ಷರ ಗೊತ್ತಿದ್ದರೆ ಸಾಕು, ಅಷ್ಟುದ್ದದ ಪದ! ಸರ, ಅರಸ, ಅಗಸ, ದಸರ ಎಂದು ಹಲಗೆಯ ತುಂಬ ಬರೆಯುವ ಮಗುವಿಗೆ ಓದುವುದೆಂದರೆ ಏನೆಂದು ಮೊದಲ ತಿಂಗಳಲ್ಲೇ ತಿಳಿಯುತ್ತದೆ. ನನ್ನ ಗೊಣಗಾಟ ನಿಂತದ್ದು ಅಲ್ಲಿ.

ಆದರೆ ನಾನು ತಿರುಗಿ ನಿಂತಾಗ? ಮಕ್ಕಳು ‘ತಟ್ಟೆ’ ಎಂದು ಕರೆಯುವ ಗುಂಪುಗಳಲ್ಲಿ ಕುಳಿತು, ಕಾರ್ಡು ಎತ್ತಿಕೊಂಡು ಕಲಿಕೆಯ ಏಣಿಯಲ್ಲಿ ತಮ್ಮ ತಮ್ಮ ಮೆಟ್ಟಿಲು ಹತ್ತಬೇಕು. ಸ್ವಕಲಿಕೆಯ ತಟ್ಟೆ ಚೆನ್ನಾಗಿಯೇ ನಡೆಯುತ್ತದೆ. ಸಹಪಾಠಿ ನೆರವಿನ ತಟ್ಟೆಯಲ್ಲಿ ಮಾತ್ರ ದೊಡ್ಡವಳು ಚಿಕ್ಕವನ ಸ್ಲೇಟಿನಲ್ಲಿ ತಾನೇ ಬರೆದುಕೊಟ್ಟು ಮುಗಿಸಿಬಿಡುತ್ತಾಳೆ. ಅವಳಿಗೆ ಅದು ಸಹಾಯ! ಹಿಂದೆ ನಾನಿದ್ದ ಶಾಲೆಯಲ್ಲಿ ಕಾರ್ಡುಗಳ ಅರ್ಧ ಇಲಿಯ ಪಾಲಾಗಿತ್ತು; ನಡುವಿನ ಕಾರ್ಡು ಇಲ್ಲದಿದ್ದರೆ ಏಣಿಯ ಮೆಟ್ಟಿಲು ಮುರಿದಂತೆಯೇ. ರಟ್ಟಿನ ಮೇಲೆ ನಾನೇ ಬರೆದು ತುಂಬಿಸಿದೆ. ಯಾವ ಮಗು ಎಲ್ಲಿಗೆ ಬಂದಿದೆ ಎಂದು ಗುರುತಿಸುವ ಪ್ರಗತಿ ನೋಟ ತುಂಬುವ ಕೆಲಸದ ಬಗ್ಗೆ ಮಾತು ಬೇಡ.

ಕಾಗುಣಿತಕ್ಕೆ ಬಂದಾಗ ತಕ್ಕಡಿ ಹಳೆಯ ಕಡೆಗೆ ವಾಲಿತು. 34 ವ್ಯಂಜನಗಳಿಗೆ 13 ಸ್ವರ ಸೇರಿಸಿದರೆ ನಾನೂರಕ್ಕೂ ಹೆಚ್ಚು ರೂಪಗಳು. ಕಾರ್ಡುಗಳಲ್ಲಿ ಅವು ಚೂರುಚೂರಾಗಿ ಬರುತ್ತವೆ. “ಕ ಇಳಿ ಕಾ, ಕ ಗುಡಿಸು ಕಿ, ಗುಡಿಸಿನ ದೀರ್ಘ ಕೀ, ಕೊಂಬು ಕು” ಎಂದು ಗಟ್ಟಿಯಾಗಿ ಹೇಳುತ್ತಾ ಬರೆದವರಿಗೆ ಮಾತ್ರ, ಒಂದು ಅಕ್ಷರಕ್ಕೆ ಕಲಿತದ್ದು ಉಳಿದವಕ್ಕೂ ಹೊಂದುತ್ತದೆ ಎಂಬ ಗುಟ್ಟು ಸಿಕ್ಕಿತು. ಇಲ್ಲಿ ಹಾಡಿನ ಒಳಗೇ ಕೈಗೆ ಕೆಲಸವಿದೆ, ವರ್ಣಮಾಲೆಯ ಹಾಡಿನಲ್ಲಿ ಅದಿರಲಿಲ್ಲ. ಈಗ ನಾನು ಶುರು ಮಾಡುವುದು ರಗಸದಅದಿಂದ. ಎರಡನೆಯ ತರಗತಿಗೆ ದಿನಕ್ಕೆ ಹತ್ತು ನಿಮಿಷ ಕಾಗುಣಿತದ ಹಾಡು. ‘ವು’ ಮತ್ತು ‘ಮ’ ಅದಲುಬದಲಾಗುವುದು ಮಾತ್ರ ಎರಡರಲ್ಲೂ ತಪ್ಪಲಿಲ್ಲ.

ಎರಡೂ ಕೈಬಿಟ್ಟ ಜಾಗ ಇನ್ನೊಂದಿದೆ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ. ಮಗು ಹುಟ್ಟಿನಿಂದ ಕೇಳಿದ ಪದಗಳೆಲ್ಲ ಒತ್ತಕ್ಷರದವು, ಒತ್ತಕ್ಷರವೋ ಎರಡು ಕ್ರಮದಲ್ಲೂ ಕಟ್ಟಕಡೆಗೆ. ಹೋದ ವರ್ಷ ಮೊದಲ ವಾರದಲ್ಲೇ ಈ ಐದು ಪದಗಳನ್ನು ಬಿಡಿಸದೆ, ಚಿತ್ರ ತೋರಿಸುವಂತೆ, ಇಡಿಯಾಗಿ ಗೋಡೆಗೆ ಅಂಟಿಸಿದೆ. ಯಾವುದನ್ನೂ ಕಲಿಸಲಿಲ್ಲ. ‘ಮ’ ಇನ್ನೂ ಬಾರದ ಹುಡುಗಿಯೊಬ್ಬಳು ಒಂದು ದಿನ ಗೋಡೆಹಲಗೆಯ ಮೇಲೆ ‘ಅಮ್ಮ’ ಎಂದು ಬರೆದಿದ್ದಳು. ಕೆಳಗಿನದು ಏನು ಎಂದು ಕೇಳಿದೆ.

“ಅದು ಅಮ್ಮನ ಕಾಲು, ಮಿಸ್.”

ಮರುದಿನ ‘ಮರ’ ಬರೆದು, ಅದಕ್ಕೂ ಕಾಲು ಇಡಬೇಕೇ ಎಂದು ಕೇಳಿಕೊಂಡು ಬಂದಳು.